ಗಂಡಸಾಗಲು ಹೆಣ್ಣನ್ನೇ ಪ್ರೀತಿಸಬೇಕೆ?

1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಿಂಗ ಪರಿವರ್ತನಾ ಕ್ಲಿನಿಕ್ಕು ಒಂದು ಅರ್ಜಿಯನ್ನು ತಳ್ಳಿಹಾಕಿತು. ಅರ್ಜಿದಾರರ ಹೆಸರು ಲೂ ಸಲಿವನ್. ಹುಟ್ಟಿದಾಗ ಹೆಣ್ಣೆಂದು ದಾಖಲಾಗಿದ್ದವರು. ಹಿಂದಿನ ವರ್ಷವಷ್ಟೇ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳಲು ಶುರುಮಾಡಿದ್ದರು. ಅವರ ದೃಢತೆಯ ಬಗ್ಗೆ ಯಾರಿಗೂ ಅನುಮಾನ ಇರಬೇಕಾಗಿರಲಿಲ್ಲ. ತೊಡಕಾದದ್ದು ಅವರು ಮುಚ್ಚಿಡದೆ ಹೇಳಿದ ಒಂದು ಮಾತು: ತನ್ನ ಒಲವು ಗಂಡಸರ ಮೇಲೆ, ಗಂಡಾದ ಮೇಲೆ ಬದುಕುವುದು ಗೇ ಗಂಡಸಾಗಿ.

ಆ ಕಾಲದ ವೈದ್ಯರಿಗೆ ಇದು ಅರ್ಥವಾಗದ ಆಸೆ. ಗಂಡಸರ ಮೇಲೆ ಮನಸ್ಸಿದ್ದರೆ ಹೆಣ್ಣಾಗಿಯೇ ಇರಬಹುದಲ್ಲ, ಹಾರ್ಮೋನು, ಶಸ್ತ್ರಚಿಕಿತ್ಸೆ ಎಂದು ಇಷ್ಟೆಲ್ಲ ಪಾಡು ಪಡುವ ದರ್ದೇನು ಎಂಬುದು ಅವರ ಪ್ರಶ್ನೆ. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಮನೋವೈದ್ಯರು, ಸಮಾಜಶಾಸ್ತ್ರಜ್ಞರು, ಸ್ತ್ರೀವಾದಿಗಳು, ವಕೀಲರು ಮತ್ತು ಸ್ವತಃ ಗೇ ಟ್ರಾನ್ಸ್ ಪುರುಷರು ಇದಕ್ಕೆ ಬೇರೆಬೇರೆ ಉತ್ತರ ಕೊಡುತ್ತ ಬಂದಿದ್ದಾರೆ. ಗಂಡಸುತನ ಎಂದರೇನು, ಅದಕ್ಕೂ ಬಯಕೆಗೂ ಇರುವ ನಂಟೇನು ಎಂಬುದರ ಬಗ್ಗೆ ಹುಟ್ಟಿದ ಪ್ರತಿಯೊಂದು ಸಿದ್ಧಾಂತವೂ ಈ ಸಣ್ಣ ಸಮುದಾಯದ ಮುಂದೆ ಬಂದು ಪರೀಕ್ಷೆಗೆ ಒಳಗಾಗಿದೆ.

ಹಳೆಯ ಕಡತಗಳು

ಬಟ್ಟೆ, ನಡೆನುಡಿಯ ಪ್ರಶ್ನೆಯನ್ನು ಬಯಕೆಯ ಪ್ರಶ್ನೆಯಿಂದ ಬೇರ್ಪಡಿಸಿ ನೋಡಿದ ಮೊದಲಿಗರಲ್ಲಿ ಜರ್ಮನಿಯ ವೈದ್ಯ ಮಾಗ್ನುಸ್ ಹಿರ್ಶ್‌ಫೆಲ್ಡ್ ಒಬ್ಬರು. ಇನ್ನೊಂದು ಲಿಂಗದ ಉಡುಪು ತೊಡುವವರೆಲ್ಲ ಸಲಿಂಗಪ್ರೇಮಿಗಳಲ್ಲ ಎಂದು 1910ರ ತಮ್ಮ ಗ್ರಂಥದಲ್ಲಿ ಅವರು ವಾದಿಸಿದ್ದರು. ಮುಂದಿನ ಅರ್ಧ ಶತಮಾನದಲ್ಲಿ ಆ ಮಾತು ಹಿಂದಕ್ಕೆ ಸರಿಯಿತು.

ಬ್ರಿಟನ್ನಿನ ಮೈಕೆಲ್ ಡಿಲನ್ 1940ರ ದಶಕದಲ್ಲಿ ಸರ್ಜನ್ ಹೆರಾಲ್ಡ್ ಗಿಲೀಸ್ ಕೈಯಲ್ಲಿ ಸರಣಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಗಂಡಾದರು. ಅವರು ಮನಸೋತದ್ದು ಒಬ್ಬ ಮಹಿಳೆಗೆ. ಕೊನೆಗಾಲದಲ್ಲಿ ಭಾರತಕ್ಕೆ ಬಂದು ಬೌದ್ಧ ಸನ್ಯಾಸ ಹಿಡಿದು, ಲಡಾಖಿನ ಮಠವೊಂದರಲ್ಲೂ ಇದ್ದು, 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡರು. ವೈದ್ಯಲೋಕ ಟ್ರಾನ್ಸ್ ಪುರುಷ ಎಂದಾಗ ಕಣ್ಣಮುಂದೆ ತಂದುಕೊಳ್ಳುತ್ತಿದ್ದದ್ದು ಈ ಬಗೆಯ ಬದುಕನ್ನೇ: ಎಳವೆಯಿಂದ ಹುಡುಗನಂತೆ ಬೆಳೆದವನು, ಹೆಣ್ಣನ್ನು ಪ್ರೀತಿಸುವವನು. 1966ರಲ್ಲಿ ಹ್ಯಾರಿ ಬೆಂಜಮಿನ್ ಬರೆದ ‘ದಿ ಟ್ರಾನ್ಸ್‌ಸೆಕ್ಷುಯಲ್ ಫಿನಾಮಿನನ್’ ಈ ಕ್ಷೇತ್ರದ ಕೈಪಿಡಿಯೇ ಆಯಿತು. ಅದರ ಬಹುಪಾಲು ಟ್ರಾನ್ಸ್ ಮಹಿಳೆಯರ ಕುರಿತದ್ದು. ಟ್ರಾನ್ಸ್ ಪುರುಷರ ಪಾಲಿಗೆ ಸಿಕ್ಕಿದ್ದು ಒಂದೇ ಅಧ್ಯಾಯ.

ಕ್ಲಿನಿಕ್ಕುಗಳು ತೆರೆದ ಮೇಲೆ ಈ ಚಿತ್ರವೇ ಪ್ರವೇಶ ಪರೀಕ್ಷೆಯಾಯಿತು. ಚಿಕಿತ್ಸೆ ಬೇಕಾದವರು ಬೆಂಜಮಿನ್ನರ ಪುಸ್ತಕ ಓದಿಕೊಂಡು, ವೈದ್ಯರು ಕೇಳಲು ಬಯಸುವ ಕಥೆಯನ್ನೇ ಒಪ್ಪಿಸುತ್ತಿದ್ದರು ಎಂದು ಟ್ರಾನ್ಸ್ ಚಿಂತಕಿ ಸ್ಯಾಂಡಿ ಸ್ಟೋನ್ ನಂತರ ಬರೆದರು. ವೈದ್ಯರು ಆ ಕಥೆಗಳನ್ನು ಎಣಿಸಿ ಸಿದ್ಧಾಂತ ಕಟ್ಟುತ್ತಿದ್ದರು. ಗಂಡಸರನ್ನು ಪ್ರೀತಿಸುವ ಟ್ರಾನ್ಸ್ ಪುರುಷ ಕಡತಗಳಲ್ಲಿ ಕಾಣದೇ ಹೋದದ್ದಕ್ಕೆ ಇದೂ ಒಂದು ಕಾರಣ. ಬಾಯಿಬಿಟ್ಟವನಿಗೆ ಬಾಗಿಲು ಮುಚ್ಚುತ್ತಿತ್ತು.

ಮಿಲ್ವಾಕಿಯ ದಿನಚರಿಕಾರ

ಸಲಿವನ್ ಹುಟ್ಟಿದ್ದು 1951ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಪ್ರದೇಶದ ಕ್ಯಾಥೊಲಿಕ್ ಮನೆಯಲ್ಲಿ. ಹತ್ತರ ವಯಸ್ಸಿಗೆ ದಿನಚರಿ ಬರೆಯಲು ಕೂತವರು ಸಾಯುವವರೆಗೂ ಬಿಡಲಿಲ್ಲ. ಬೀಟಲ್ಸ್ ಹುಚ್ಚು, ಹುಡುಗನಾಗಿ ಆಟವಾಡುವ ಖುಷಿ, ಹುಡುಗರ ಮೇಲಿನ ಮೋಹ ಎಲ್ಲವೂ ಅದರಲ್ಲಿ ಒಟ್ಟೊಟ್ಟಿಗೆ ಬರುತ್ತವೆ. 1973ರ ಹೊತ್ತಿಗೆ ಅವರು ಮಿಲ್ವಾಕಿಯ ಗೇ ಸಂಘಟನೆಯ ಪತ್ರಿಕೆಗೆ ಲೇಖನ ಬರೆಯುತ್ತಿದ್ದರು. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಾಗ ಮನೆಯವರು ಬೀಳ್ಕೊಡುಗೆಯಾಗಿ ಕೊಟ್ಟದ್ದು ಗಂಡಸರ ಒಂದು ಸೂಟು ಮತ್ತು ಅಜ್ಜನ ಜೇಬುಗಡಿಯಾರ. ಕ್ಲಿನಿಕ್ಕಿಗೆ ಒಪ್ಪಿಗೆಯಾಗದ್ದನ್ನು ಮನೆ ಐದು ವರ್ಷ ಮೊದಲೇ ಒಪ್ಪಿಕೊಂಡಂತಿತ್ತು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲು ಸಿಕ್ಕಿದ್ದು ಕಾರ್ಯದರ್ಶಿ ಕೆಲಸ. ದಾಖಲೆಯಲ್ಲಿ ಹೆಣ್ಣು, ಬಹುಪಾಲು ತೊಡುತ್ತಿದ್ದುದು ಗಂಡಿನ ಉಡುಪು. ಸ್ಟ್ಯಾನ್‌ಫರ್ಡ್ ಒಲ್ಲೆನೆಂದ ಮೇಲೆ ಖಾಸಗಿ ವೈದ್ಯರ ಬಳಿ ಹೋಗಿ 1980ರಲ್ಲಿ ಎದೆಯ ಶಸ್ತ್ರಚಿಕಿತ್ಸೆ, 1986ರಲ್ಲಿ ಜನನಾಂಗದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದೇ ವರ್ಷ ಟ್ರಾನ್ಸ್ ಪುರುಷರಿಗಾಗಿ ಒಂದು ಗುಂಪು ಕಟ್ಟಿದರು; ಎಫ್‌ಟಿಎಂ (ಹೆಣ್ಣಿನಿಂದ ಗಂಡಿಗೆ) ಇಂಟರ್‌ನ್ಯಾಷನಲ್ ಎಂದು ಮುಂದೆ ಹೆಸರಾದ ಸಂಸ್ಥೆಯ ಬೇರು ಅದು. ಅದರ ಸುದ್ದಿಪತ್ರದ ಸಂಪಾದಕರೂ ಅವರೇ. ದೂರದ ಊರುಗಳಿಂದ ಕಾಗದ ಬರೆದವರಿಗೆ ಉತ್ತರಿಸುತ್ತಿದ್ದರು, ಎದೆಯನ್ನು ಬಿಗಿದು ಕಟ್ಟುವುದರಿಂದ ಹಿಡಿದು ವೈದ್ಯರನ್ನು ಹುಡುಕುವವರೆಗಿನ ವಿವರ ಇರುವ ಕೈಪಿಡಿಯನ್ನೂ ಹೊರತಂದರು.

1986ರ ಕೊನೆಯ ಹೊತ್ತಿಗೆ ಏಡ್ಸ್ ಇರುವುದು ಗೊತ್ತಾಯಿತು. ಗೇ ಗಂಡಸಾಗಿ ಬದುಕಲಾರೆ ಎಂದಿದ್ದ ಕ್ಲಿನಿಕ್ಕಿಗೆ, ತಾನು ಗೇ ಗಂಡಸಾಗಿಯೇ ಸಾಯುವ ಹಾಗೆ ಕಾಣುತ್ತಿದೆ ಎಂದು ತಿಳಿಸುವುದರಲ್ಲಿ ಅವರಿಗೆ ಕಹಿ ಬೆರೆತ ಒಂದು ಸಂತೋಷವಿತ್ತು. ಉಳಿದ ದಿನಗಳಲ್ಲಿ ಸುಮ್ಮನೆ ಕೂರಲಿಲ್ಲ. ಮನೋವೈದ್ಯ ಐರಾ ಪೌಲಿ ಅವರ ಮುಂದೆ ಕ್ಯಾಮೆರಾಗೆ ಸಂದರ್ಶನಗಳನ್ನು ಕೊಟ್ಟರು. ವೈದ್ಯರಿಗೆ ಪಾಠ ಹೇಳಲು ಅವು ಬಳಕೆಯಾದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಂಡಾಗಿ ಬದುಕಿ 1936ರಲ್ಲಿ ತೀರಿಕೊಂಡ ಜ್ಯಾಕ್ ಗಾರ್ಲೆಂಡ್ ಜೀವನಚರಿತ್ರೆಯನ್ನು 1990ರಲ್ಲಿ ಪ್ರಕಟಿಸಿದರು. 1991ರ ಮಾರ್ಚಿನಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂಬತ್ತು.

ವಿಂಗಡಣೆಯ ಪಂಥ

ವೈದ್ಯರ ಆ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೊದಲ ಪಂಥ ಲೈಂಗಿಕ ವಿಜ್ಞಾನದ ವಿಂಗಡಣೆಕಾರರದು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನ 1980ರ ಮೂರನೇ ಆವೃತ್ತಿ, ಲಿಂಗ ಬದಲಿಸಬಯಸುವವರನ್ನು ಅವರ ಲೈಂಗಿಕ ಒಲವಿನ ಮೇಲೆ ಉಪವಿಭಾಗ ಮಾಡಿತು. ಅಳತೆಗೋಲು ಹುಟ್ಟಿನ ಲಿಂಗ. ಆ ಲೆಕ್ಕದಲ್ಲಿ ಹೆಣ್ಣನ್ನು ಪ್ರೀತಿಸುವ ಟ್ರಾನ್ಸ್ ಪುರುಷ ‘ಸಲಿಂಗಕಾಮಿ’, ಗಂಡನ್ನು ಪ್ರೀತಿಸುವವನು ‘ಭಿನ್ನಲಿಂಗಕಾಮಿ’. ತನ್ನನ್ನು ಗೇ ಎಂದುಕೊಳ್ಳುವವನ ಕಡತದಲ್ಲಿ ಅದರ ತದ್ವಿರುದ್ಧ ಪದ ಇರುತ್ತಿತ್ತು. ಟೊರಾಂಟೊದ ರೇ ಬ್ಲಾಂಚರ್ಡ್ ಮತ್ತು ಸಂಗಡಿಗರು 1980ರ ದಶಕದ ಲೇಖನಗಳಲ್ಲಿ ಈ ಎರಡನೆಯ ಬಗೆ ತೀರ ಅಪರೂಪ ಎಂದೇ ಬರೆದರು. ಸಲಿವನ್ ಅವರೊಡನೆಯೂ ಪತ್ರವ್ಯವಹಾರ ಇಟ್ಟುಕೊಂಡಿದ್ದರು.

ಈ ಪಂಥವನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವುದು ಸುಲಭವಲ್ಲ. ಮೆರೆಡಿತ್ ಚಿವರ್ಸ್ ಮತ್ತು ಮೈಕಲ್ ಬೇಲಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಗಸರನ್ನು ಬಯಸುವ ಟ್ರಾನ್ಸ್ ಪುರುಷರು ತಮ್ಮ ಬಾಲ್ಯ ಹೆಚ್ಚು ‘ಗಂಡುಬೀರಿ’ಯಾಗಿತ್ತೆಂದು ನೆನೆದರು, ಉಳಿದವರಲ್ಲಿ ಅದು ಕಡಿಮೆ. ಅಂದರೆ ಗಂಡಾಗುವ ದಾರಿಗಳು ಒಂದಕ್ಕಿಂತ ಹೆಚ್ಚಿರಬಹುದು ಎಂಬ ಸುಳಿವು ಇಲ್ಲಿದೆ. ಈ ಪಂಥದ ಸೋಲು ಇರುವುದು ಆ ಸುಳಿವಿನಿಂದ ಅದು ಎಳೆದ ತೀರ್ಮಾನದಲ್ಲಿ. ಒಂದು ದಾರಿ ಅಸಲಿ, ಇನ್ನೊಂದು ಶಂಕಾಸ್ಪದ ಎಂದು ಕ್ಲಿನಿಕ್ಕು ಹೇಳಿದಾಗ ವಿವರಣೆ ಹೋಗಿ ತೀರ್ಪು ಬಂದಿತ್ತು.

ಎರಡು ಪ್ರಶ್ನೆ, ಎರಡು ಉತ್ತರ

ಎರಡನೆಯ ಪಂಥದ ಮಾತು ಸರಳ. ನಾನು ಯಾರು ಎಂಬುದು ಒಂದು ಪ್ರಶ್ನೆ, ನನಗೆ ಯಾರ ಮೇಲೆ ಮನಸ್ಸು ಎಂಬುದು ಇನ್ನೊಂದು. ಮಿನೆಸೋಟಾ ವಿಶ್ವವಿದ್ಯಾಲಯದ ಎಲಿ ಕೋಲ್ಮನ್ ಮತ್ತು ವಾಲ್ಟರ್ ಬಾಕ್ಟಿಂಗ್ 1988ರಲ್ಲಿ ಪ್ರಕಟಿಸಿದ ಒಂದು ಪ್ರಕರಣದ ಅಧ್ಯಯನ ವೈದ್ಯಕೀಯ ಸಾಹಿತ್ಯದಲ್ಲಿ ಈ ದಾರಿ ತೆರೆಯಲು ನೆರವಾಯಿತು. ಲಿಂಗ ಬದಲಾವಣೆಗೆ ಮೊದಲು ‘ಭಿನ್ನಲಿಂಗಪ್ರೇಮಿ’ಯಾಗಿದ್ದು, ನಂತರ ಗೇ ಆದ ಟ್ರಾನ್ಸ್ ಪುರುಷನೊಬ್ಬನ ವೃತ್ತಾಂತ ಅದು. ಬಯಕೆ ಬದಲಾಗಿರಲಿಲ್ಲ, ಬಯಸುವವನ ಲಿಂಗ ಬದಲಾಗಿತ್ತು.

ಕೈಪಿಡಿಗಳೂ ನಿಧಾನಕ್ಕೆ ದಾರಿಗೆ ಬಂದವು. 1994ರ ಡಿಎಸ್‌ಎಂ, ಹುಟ್ಟಿನ ಲಿಂಗವನ್ನು ಆಧರಿಸಿದ ಪದಗಳನ್ನು ಬಿಟ್ಟು ‘ಗಂಡಸರತ್ತ ಆಕರ್ಷಣೆ’, ‘ಹೆಂಗಸರತ್ತ ಆಕರ್ಷಣೆ’ ಎಂದು ನೇರವಾಗಿ ಬರೆಯಿತು. 2013ರ ಐದನೇ ಆವೃತ್ತಿ ಆ ಉಪವಿಭಾಗವನ್ನೇ ಕೈಬಿಟ್ಟಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಇಡೀ ವಿಷಯವನ್ನು ಮನೋರೋಗಗಳ ಅಧ್ಯಾಯದಿಂದ ಹೊರಗಿಟ್ಟು, ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು.

ಅವಕಾಶ ಸಿಕ್ಕೊಡನೆ ಸಂಖ್ಯೆಯೂ ಬದಲಾಯಿತು. 2015ರ ಅಮೆರಿಕದ ಟ್ರಾನ್ಸ್‌ಜೆಂಡರ್ ಸಮೀಕ್ಷೆಗೆ 27,715 ಮಂದಿ ಉತ್ತರಿಸಿದರು. ಅವರಲ್ಲಿ ಹೆಂಗಸರನ್ನು ಮಾತ್ರ ಬಯಸುವ ಭಿನ್ನಲಿಂಗಪ್ರೇಮಿ ಎಂದುಕೊಂಡ ಟ್ರಾನ್ಸ್ ಪುರುಷರು ಕಾಲುಭಾಗಕ್ಕಿಂತ ಕಡಿಮೆ. ಕೆನಡಾದ ಒಂಟಾರಿಯೊದಲ್ಲಿ 433 ಟ್ರಾನ್ಸ್ ವ್ಯಕ್ತಿಗಳ ಮೇಲೆ ನಡೆದ ಟ್ರಾನ್ಸ್ ಪಲ್ಸ್ ಅಧ್ಯಯನದ ಅಂದಾಜಿನ ಪ್ರಕಾರ, ಅಲ್ಲಿನ ಟ್ರಾನ್ಸ್ ಪುರುಷರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗೇ, ದ್ವಿಲಿಂಗಿ ಅಥವಾ ಗಂಡಸರೊಡನೆ ದೈಹಿಕ ಸಂಬಂಧ ಇರುವವರು. ‘ತೀರ ಅಪರೂಪ’ ಎಂಬ ಮಾತಿಗೆ ಉಳಿಗಾಲವಿರಲಿಲ್ಲ.

ಹೆಣೆದುಕೊಂಡ ಎಳೆಗಳು

ಇಷ್ಟು ಗೆದ್ದ ಎರಡನೆಯ ಪಂಥಕ್ಕೆ ಸಲಿವನ್ ದಿನಚರಿಯೇ ಒಂದು ತೊಡಕು. ಅಲ್ಲಿ ‘ನಾನು ಯಾರು’ ಮತ್ತು ‘ನನಗೆ ಯಾರು ಬೇಕು’ ಎಂಬವು ಬೇರೆ ಬೇರೆ ಖಾತೆಗಳಲ್ಲಿ ಜಮೆಯಾಗುವುದಿಲ್ಲ. ಗಂಡಸರ ಪ್ರೀತಿಯಲ್ಲಿ ಗಂಡಾಗಿಯೇ ಕಾಣಿಸಿಕೊಳ್ಳಬೇಕೆಂಬ ಹಂಬಲವೇ ಅವರ ಗಂಡುತನದ ತಿರುಳು.

ಮೂರನೆಯ ಪಂಥ ಹೊರಡುವುದು ಇಲ್ಲಿಂದ. ಸಮಾಜಶಾಸ್ತ್ರಜ್ಞ ಆರನ್ ಡೇವೋರ್ 1997ರಲ್ಲಿ ಪ್ರಕಟಿಸಿದ ‘ಎಫ್‌ಟಿಎಂ’ ಗ್ರಂಥ 45 ಟ್ರಾನ್ಸ್ ಪುರುಷರ ಬದುಕನ್ನು ವಿವರವಾಗಿ ದಾಖಲಿಸಿತು. ಮೊದಲು ಲೆಸ್ಬಿಯನ್ ಎಂದು ಬದುಕಿ, ಗಂಡಾದ ಮೇಲೆ ಗಂಡಸರತ್ತ ವಾಲಿದವರೂ ಅದರಲ್ಲಿದ್ದರು. 2009ರಲ್ಲಿ ಬಾಕ್ಟಿಂಗ್, ಕೋಲ್ಮನ್ ಮತ್ತು ಸಂಗಡಿಗರೇ ಹೊಸ ಲೇಖನದಲ್ಲಿ, ಟ್ರಾನ್ಸ್ ಗೇ ಪುರುಷರ ಲೈಂಗಿಕತೆ ಉಳಿದ ಗೇ ಗಂಡಸರ ಲೈಂಗಿಕತೆಯ ನಕಲಲ್ಲ, ತನ್ನದೇ ರೂಪ ಪಡೆಯುತ್ತಿರುವಂಥದ್ದು ಎಂದು ಬರೆದರು. ಮಾನವಶಾಸ್ತ್ರಜ್ಞ ಡೇವಿಡ್ ವ್ಯಾಲಂಟೈನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನ್ಯೂಯಾರ್ಕಿನಲ್ಲಿ ನಡೆಸಿದ ಕ್ಷೇತ್ರಕಾರ್ಯದ ಆಧಾರದ ಮೇಲೆ 2007ರಲ್ಲಿ ಅವರು ಬರೆದ ಪುಸ್ತಕದ ವಾದವೆಂದರೆ, ಲಿಂಗತ್ವ ಬೇರೆ, ಲೈಂಗಿಕತೆ ಬೇರೆ ಎಂಬ ಗೆರೆಯೇ ಒಂದು ಕಾಲದ, ಒಂದು ವರ್ಗದ ಜನ ಎಳೆದದ್ದು. ಬಡ ಕಪ್ಪು ಜನರ ಅನುಭವ ಆ ಗೆರೆಯೊಳಗೆ ಕೂರುವುದಿಲ್ಲ.

ಒಲವು ಯಾಕೆ ಬದಲಾಗುತ್ತದೆ ಎಂಬುದಕ್ಕೆ ಈ ಪಂಥದಲ್ಲೂ ಒಮ್ಮತವಿಲ್ಲ. 2014ರಲ್ಲಿ ಪ್ರಕಟವಾದ ಮ್ಯೂನಿಕ್‌ನ ಅಧ್ಯಯನದಲ್ಲಿ 45 ಟ್ರಾನ್ಸ್ ಪುರುಷರ ಪೈಕಿ 10 ಮಂದಿ ಒಲವು ಬದಲಾಯಿತೆಂದರು. ಟೆಸ್ಟೋಸ್ಟೆರಾನ್ ಕಾರಣ ಎನ್ನುವವರಿದ್ದಾರೆ. ಗಂಡಾಗಿ ನೆಲೆನಿಂತ ಮೇಲೆ, ಗಂಡಸಿನ ತೋಳಲ್ಲಿ ‘ಹೆಣ್ಣಾಗಿಬಿಡುವ’ ಹೆದರಿಕೆ ಹೋಗಿ, ಅದುಮಿಟ್ಟ ಆಸೆ ಮೇಲೆ ಬರುತ್ತದೆ ಎನ್ನುವವರೂ ಇದ್ದಾರೆ.

ಸ್ತ್ರೀವಾದಿಗಳ ತಕರಾರು

ನಾಲ್ಕನೆಯ ನಿಲುವು ಸ್ತ್ರೀವಾದದ ಒಂದು ಕವಲಿನದು. ಜ್ಯಾನಿಸ್ ರೇಮಂಡ್ 1979ರಲ್ಲಿ ಬರೆದ ‘ದಿ ಟ್ರಾನ್ಸ್‌ಸೆಕ್ಷುಯಲ್ ಎಂಪೈರ್’ ಟ್ರಾನ್ಸ್ ಪುರುಷರನ್ನು ಹೆಸರಿಗಷ್ಟೇ ಇರುವವರೆಂದು ಬದಿಗಿಟ್ಟಿತ್ತು. ಈಚಿನವರ ಕಳವಳ ಬೇರೆ: ಹೆಣ್ಣಾಗಿ ಬೆಳೆಯುವುದರ ಕಷ್ಟದಿಂದ ತಪ್ಪಿಸಿಕೊಳ್ಳಲು ಹದಿಹರೆಯದವರು ಗಂಡುತನವನ್ನು ಆಯ್ದುಕೊಳ್ಳುತ್ತಿದ್ದಾರೆಯೇ ಎಂಬುದು. ಹೆಂಗಸಿನ ಬದುಕು ಎಷ್ಟು ಇಕ್ಕಟ್ಟಿನದು ಎಂಬುದನ್ನು ಈ ವಾದ ನೆನಪಿಸುತ್ತದೆ. ಆದರೆ ಗೇ ಟ್ರಾನ್ಸ್ ಪುರುಷನ ಮುಂದೆ ಅದು ತಡವರಿಸುತ್ತದೆ. ಗಂಡಿನ ಸವಲತ್ತಿಗೆ ಆಸೆಪಟ್ಟವನು, ಗೇ ಗಂಡಸಿಗೆ ಕಾದಿರುವ ಬೈಗುಳ, ಏಟುಗಳನ್ನು ಕೇಳಿ ಪಡೆಯುವುದೇಕೆ? 1980ರ ದಶಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೇ ಆಗುವುದೆಂದರೆ ವಾರವಾರವೂ ಗೆಳೆಯರ ಸಾವಿನ ಸುದ್ದಿ ಕೇಳುವುದಾಗಿತ್ತು.

ಗೇ ಲೋಕದ ಒಳಗೆ

ಸಿದ್ಧಾಂತಿಗಳು ಒಪ್ಪಿದರೂ ಗೇ ಲೋಕ ಒಪ್ಪಬೇಕಲ್ಲ. ಗೇ ಬಾರು, ಸ್ನಾನಗೃಹ, ಡೇಟಿಂಗ್ ಆ್ಯಪ್‌ಗಳಲ್ಲಿ ದೇಹವೇ ಮೊದಲ ಪರಿಚಯ. ಕೆಲವರು ಬೇಡವೆನ್ನುತ್ತಾರೆ, ಕೆಲವರಿಗೆ ಬರೀ ಕುತೂಹಲ. ಗ್ರೈಂಡರ್ ಆ್ಯಪ್ ಲಿಂಗತ್ವ ನಮೂದಿಸುವ ಅವಕಾಶ ಕೊಟ್ಟದ್ದು 2017ರಲ್ಲಿ.

ಆರೋಗ್ಯದ ಲೆಕ್ಕದಲ್ಲಂತೂ ಇವರು ಬಹುಕಾಲ ಕಾಣಲೇ ಇಲ್ಲ. ಎಚ್‌ಐವಿ ತಡೆಗೆ ದಿನಕ್ಕೊಂದು ಗುಳಿಗೆ ನೆರವಾಗುತ್ತದೆಂದು 2010ರಲ್ಲಿ ತೋರಿಸಿದ ಐಪ್ರೆಕ್ಸ್ ಪ್ರಯೋಗದಲ್ಲಿ 2,499 ಮಂದಿ ಇದ್ದರು. ಎಲ್ಲರೂ ಹುಟ್ಟಿನಲ್ಲಿ ಗಂಡೆಂದು ದಾಖಲಾದವರು. 2019ರಲ್ಲಿ ಇದೇ ತಡೆಗಾಗಿ ಡೆಸ್ಕೋವಿ ಎಂಬ ಮಾತ್ರೆಗೆ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಾಗ, ಯೋನಿ ಸಂಭೋಗದಿಂದ ಸೋಂಕಿನ ಅಪಾಯ ಇರುವವರನ್ನು ಹೊರಗಿಟ್ಟಿತು. ಗೇ ಟ್ರಾನ್ಸ್ ಪುರುಷರಲ್ಲಿ ಅನೇಕರು ಆ ಗೆರೆಯ ಆಚೆ ಉಳಿದರು. ಒಂಟಾರಿಯೊದ ಗೇ, ದ್ವಿಲಿಂಗಿ ಟ್ರಾನ್ಸ್ ಪುರುಷರ ತಂಡವೊಂದು ಇದಕ್ಕೆಲ್ಲ ಕಾಯದೆ 2007ರಲ್ಲೇ ‘ಪ್ರೈಮ್ಡ್’ ಎಂಬ ಜೇಬುಪುಸ್ತಕ ಹೊರತಂದಿತ್ತು. ಟ್ರಾನ್ಸ್ ಪುರುಷರಿಗೂ ಅವರನ್ನು ಮೆಚ್ಚುವ ಗಂಡಸರಿಗೂ ಸುರಕ್ಷಿತ ಕೂಟದ ವಿವರಗಳನ್ನು ಮುಚ್ಚುಮರೆಯಿಲ್ಲದೆ ಹೇಳುವ ಪುಸ್ತಕ ಅದು.

ತಾಯ್ತನದ ಜಾಗಗಳಲ್ಲೂ ಇದೇ ತೊಡಕು. ಕೆನಡಾದ ಮ್ಯಾನಿಟೋಬಾದ ಟ್ರಾನ್ಸ್ ಪುರುಷ ಟ್ರೆವರ್ ಮ್ಯಾಕ್‌ಡೊನಾಲ್ಡ್ ಗಂಡಸೊಬ್ಬರ ಸಂಗಾತಿ, ಹೆತ್ತ ತಂದೆ, ಮಗುವಿಗೆ ಎದೆಹಾಲು ಕುಡಿಸಿದವರು. ಹಾಲೂಡುವ ತಾಯಂದಿರಿಗೆ ನೆರವಾಗುವ ಲಾ ಲೆಚೆ ಲೀಗ್‌ನಲ್ಲಿ ಮಾರ್ಗದರ್ಶಕರಾಗಲು ಅವರು ಮುಂದಾದಾಗ, ಆ ಜಾಗ ತಾಯಂದಿರಿಗಷ್ಟೇ ಎಂದು 2012ರಲ್ಲಿ ಸಂಸ್ಥೆ ಹೇಳಿತು. 2014ರಲ್ಲಿ ನಿಯಮ ಬದಲಿಸಿಕೊಂಡಿತು. ಈ ಅನುಭವವನ್ನೆಲ್ಲ ಅವರು 2016ರಲ್ಲಿ ಪುಸ್ತಕ ಮಾಡಿದರು.

ತಮ್ಮ ಕಥೆ ತಾವೇ ಹೇಳಿದಾಗ

ಸಲಿವನ್ ದಿನಚರಿಗಳು ಸ್ಯಾನ್ ಫ್ರಾನ್ಸಿಸ್ಕೊದ ಜಿಎಲ್‌ಬಿಟಿ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಆ ಸೊಸೈಟಿಯ ಸ್ಥಾಪಕ ಸದಸ್ಯರಲ್ಲಿ ಅವರೂ ಒಬ್ಬರು. ಎಲಿಸ್ ಮಾರ್ಟಿನ್ ಮತ್ತು ಜ್ಯಾಕ್ ಓಜ್ಮಾ ಸಂಪಾದಿಸಿದ ಆಯ್ದ ದಿನಚರಿ 2019ರಲ್ಲಿ ಹೊರಬಂದಾಗ ಓದುಗರನ್ನು ಬೆರಗಾಗಿಸಿದ್ದು ಅದರ ನಗು, ಚೇಷ್ಟೆ, ಹಸಿಹಸಿ ಬಯಕೆ. ವೈದ್ಯರ ಮುಂದೆ ಹೇಳುವ ಕಥೆಯಲ್ಲಿ ನೋವಿಗಷ್ಟೇ ಜಾಗವಿತ್ತು, ಇಲ್ಲಿ ಸುಖಕ್ಕೂ ಜಾಗ ಸಿಕ್ಕಿತು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ‘ಒರಿಜಿನಲ್ ಪ್ಲಂಬಿಂಗ್’ ಪತ್ರಿಕೆ ಟ್ರಾನ್ಸ್ ಪುರುಷರನ್ನು ಫ್ಯಾಷನ್ ಪತ್ರಿಕೆಯ ಠೀವಿಯಲ್ಲಿ ಮುಖಪುಟಕ್ಕೆ ತಂದಿತು. ಜರ್ಮನ್ ಚಿತ್ರ ‘ರೋಮಿಯೋಸ್’ (2011) ಟ್ರಾನ್ಸ್ ಹುಡುಗನೊಬ್ಬ ಗೇ ಹುಡುಗನಿಗೆ ಮನಸೋಲುವ ಕಥೆ. ಏಡನ್ ಥಾಮಸ್ ಅವರ ‘ಸೆಮೆಟರಿ ಬಾಯ್ಸ್’ (2020) ಕಾದಂಬರಿಯಲ್ಲಿ ಲ್ಯಾಟಿನೊ ಮನೆತನದ ಟ್ರಾನ್ಸ್ ಹುಡುಗ, ತಾನೇ ಕರೆಸಿಕೊಂಡ ಹುಡುಗನ ದೆವ್ವವನ್ನು ಪ್ರೀತಿಸುತ್ತಾನೆ.

ಭಾರತದ ಮಾತು, ಕರ್ನಾಟಕದ ಮಾತು

ಕನ್ನಡದ ಓದುಗರಿಗೆ ಟ್ರಾನ್ಸ್ ಬದುಕು ಹೆಚ್ಚಾಗಿ ಪರಿಚಯವಾದದ್ದು ಜೋಗತಿಯರು, ಮಂಗಳಮುಖಿಯರ ಮೂಲಕ. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರ ಕನ್ನಡದಲ್ಲಿ ‘ಬದುಕು ಬಯಲು’ ಆಗಿ, ರಂಗದ ಮೇಲೂ ಬಂತು. ಬೆಂಗಳೂರಿನ ಸಂಗಮ ಸಂಸ್ಥೆಯಲ್ಲಿ ದುಡಿದ ರೇವತಿ, 2016ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ದಕ್ಷಿಣ ಭಾರತದ ಟ್ರಾನ್ಸ್ ಪುರುಷರ ಬದುಕಿನ ಕಥನಗಳಿಗೂ ಜಾಗ ಮಾಡಿಕೊಟ್ಟರು. ಹುಟ್ಟಿನಲ್ಲಿ ಹೆಣ್ಣೆಂದು ದಾಖಲಾದ 50 ಮಂದಿಯ ಬದುಕನ್ನು ಕೇಳಿ ಮುಂಬೈಯ ಲಾಬಿಯಾ ಗುಂಪು 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ದಿಕ್ಕಿನದೇ.

ಇಲ್ಲಿ ಸುದ್ದಿಗೆ ಬರುವ ಟ್ರಾನ್ಸ್ ಪುರುಷನ ಕಥೆ ಸಾಮಾನ್ಯವಾಗಿ ಒಂದೇ ಜಾಡಿನದು: ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟದ್ದು, ಹಿಂದೆಯೇ ಬಂದ ಪೊಲೀಸ್ ದೂರು. ಗಂಡಸರನ್ನು ಪ್ರೀತಿಸುವವನ ಸಂಕಟ ಇದಕ್ಕಿಂತ ಸದ್ದಿಲ್ಲದ್ದು. ಹುಡುಗನ ಮೇಲೆ ಮನಸ್ಸಾಗಿದೆ ಎಂದರೆ ಮನೆಯವರಿಗೆ ನಿರಾಳ. ‘ಒಂದು ಮದುವೆ ಅಂತ ಆದರೆ ಎಲ್ಲ ಸರಿಹೋಗುತ್ತೆ’ ಎಂದು ಜಾತಕ ತೆಗೆಸುತ್ತಾರೆ.

ಕಾನೂನು ಈ ಗಂಟನ್ನು ಇನ್ನಷ್ಟು ಬಿಗಿಮಾಡಿದೆ. 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2018ರಲ್ಲಿ ನವತೇಜ್ ಸಿಂಗ್ ಜೋಹರ್ ತೀರ್ಪು ಸಲಿಂಗಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರ ಸುಪ್ರಿಯೊ ತೀರ್ಪು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ, ಆದರೆ ಭಿನ್ನಲಿಂಗ ಸಂಬಂಧದಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಈಗಿರುವ ಕಾನೂನಿನಡಿಯೇ ಮದುವೆಯಾಗುವ ಹಕ್ಕಿದೆ ಎಂದಿತು. ಹೆಣ್ಣನ್ನು ಪ್ರೀತಿಸುವ ಟ್ರಾನ್ಸ್ ಪುರುಷನಿಗೆ ಅಲ್ಲಿ ಬಾಗಿಲಿದೆ. ಗಂಡನ್ನು ಪ್ರೀತಿಸುವವನು ದಾಖಲೆಯಲ್ಲಿ ಗಂಡಾದರೆ ಮದುವೆಯ ಹಕ್ಕನ್ನು ಬಿಡಬೇಕು, ಮದುವೆ ಬೇಕೆಂದರೆ ಹೆಣ್ಣೆಂಬ ದಾಖಲೆಗೇ ಅಂಟಿಕೊಳ್ಳಬೇಕು.

ಇತ್ಯರ್ಥವಾಗದೆ ಉಳಿದದ್ದು

ಗೇ ಟ್ರಾನ್ಸ್ ಪುರುಷರು ಇದ್ದಾರೆಯೇ ಎಂಬ ಪ್ರಶ್ನೆ ಮುಗಿದಿದೆ. ಎಷ್ಟು ಮಂದಿ ಎಂಬುದು ಮುಗಿದಿಲ್ಲ. ದೊಡ್ಡ ಸಮೀಕ್ಷೆಗಳಲ್ಲಿ ಅನೇಕವು ತಾವಾಗಿ ಬಂದು ಉತ್ತರಿಸಿದವರನ್ನು ನೆಚ್ಚಿಕೊಂಡವು. ಅನುಪಾತ ನಿಜಕ್ಕೂ ಬೆಳೆಯಿತೇ ಅಥವಾ ಮೊದಲೂ ಇದ್ದವರಿಗೆ ಈಗ ಬಾಯಿ ಬಂತೇ ಎಂಬುದನ್ನು ಅವು ಹೇಳಲಾರವು. ಒಲವಿನ ಬದಲಾವಣೆಯಲ್ಲಿ ಹಾರ್ಮೋನಿನ ಪಾಲೆಷ್ಟು, ಧೈರ್ಯದ ಪಾಲೆಷ್ಟು ಎಂದು ಬಿಡಿಸಿ ಹೇಳಲು, ಲಿಂಗ ಬದಲಾವಣೆಗೆ ಮೊದಲೇ ಆರಂಭಿಸಿ ವರ್ಷಾನುಗಟ್ಟಲೆ ಬೆನ್ನುಹತ್ತುವ ಅಧ್ಯಯನಗಳು ಬೇಕು.

ಚರಿತ್ರೆಯ ಕಡೆಯಲ್ಲೂ ಜಗಳವಿದೆ. ಗಾರ್ಲೆಂಡ್ 1897ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ನಿನಲ್ಲಿ ಗಂಡುಡುಪಿಗಾಗಿ ಪೊಲೀಸರ ಕೈಗೆ ಸಿಕ್ಕವರು, 1899ರಲ್ಲಿ ಅಮೆರಿಕದ ಸೈನಿಕರ ಜೊತೆ ಫಿಲಿಪ್ಪೀನ್ಸಿಗೆ ಹೋದವರು, ಬದುಕಿನುದ್ದಕ್ಕೂ ಗಂಡಸರ ಒಡನಾಟವನ್ನೇ ಅರಸಿದವರು. ಗಾರ್ಲೆಂಡ್ ಅವರಲ್ಲಿ ಸಲಿವನ್ ತನ್ನ ಪೂರ್ವಿಕನನ್ನು ಕಂಡರು. ಗೇ ಟ್ರಾನ್ಸ್ ಪುರುಷ ಎಂಬ ಹೆಸರೇ ಇಲ್ಲದ ಕಾಲದವರಿಗೆ ಇಂದಿನ ಹೆಸರಿಡುವುದು ಸರಿಯೇ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ.

ಭಾರತದ ಮಟ್ಟಿಗೆ ಬಾಕಿ ಇರುವುದು ಕಾನೂನಿನ ಪ್ರಶ್ನೆ. ದಾಖಲೆಯಲ್ಲಿ ಹೆಣ್ಣಾಗಿದ್ದಾಗ ಗಂಡಸೊಬ್ಬನನ್ನು ಮದುವೆಯಾಗಿ, ನಂತರ ಗಂಡೆಂದು ಪ್ರಮಾಣಪತ್ರ ಪಡೆದವನ ಮದುವೆ ಉಳಿಯುತ್ತದೆಯೇ? ನಾಲ್ಸಾ ಕೊಟ್ಟ ಹಕ್ಕನ್ನು ಹಿಡಿದರೆ ಒಂದು ಉತ್ತರ ಬರುತ್ತದೆ, ಸುಪ್ರಿಯೊ ತೀರ್ಪನ್ನು ಹಿಡಿದರೆ ಇನ್ನೊಂದು. ಅಂಥ ದಂಪತಿಯ ಆಸ್ತಿ, ಪಿಂಚಣಿ, ಮಗುವಿನ ಪಾಲನೆಯ ಹಕ್ಕು ನಿಂತಿರುವುದು ಈ ಎರಡರಲ್ಲಿ ಯಾವುದು ಮೇಲೆಂಬುದರ ಮೇಲೆ.